ಬಾಯಿ ಮುಚ್ಚಿ ಲೆಕ್ಕ ಮಾಡಿದ ಎಂಟು ಕಂಪ್ಯೂಟರ್

ಇವತ್ತು ನನ್ನ ಮಾನ ಉಳಿಸಿದವಳು ನನ್ನ ವಿದ್ಯಾರ್ಥಿನಿ, ತಾಂಬಾದ ರೇಣುಕಾ, ಗೆಳೆಯರೇ. ನಾನು ಪಾಠ ಹೇಳುವ ಮುದ್ದೇಬಿಹಾಳದ ಕಾಲೇಜಿನಲ್ಲಿ ಬೆಳಿಗ್ಗೆ ಅವಳ ಪ್ರಾಜೆಕ್ಟ್ ಪರೀಕ್ಷೆ ಇತ್ತು. ಎಂಟು ಹಳೆಯ ಕಂಪ್ಯೂಟರ್‌ಗಳನ್ನು ಜೋಡಿಸಿ, ಒಂದೇ ದೊಡ್ಡ ಲೆಕ್ಕವನ್ನು ಎಂಟಕ್ಕೂ ಹಂಚಿದ್ದಳು. ಶುರು ಮಾಡಿದ್ದೇ ತಡ, ಪರದೆಯ ತುಂಬ ಸಂದೇಶಗಳು ಓಡತೊಡಗಿದವು: ‘ಎದ್ದೆ’, ‘ಕಾಯುತ್ತಿದ್ದೇನೆ’, ‘ಕಳಿಸಿದೆ’. ಅವುಗಳ ನಡುವೆ ಉತ್ತರ ಬಂದು ಹೋದದ್ದೂ ಕಾಣಲಿಲ್ಲ.

“ಉತ್ತರ ಎಲ್ಲೈತವ್ವಾ?” ಎಂದರು ಹೊರಗಿನಿಂದ ಬಂದಿದ್ದ ಪರೀಕ್ಷಕರು.

ತಪ್ಪು ನನ್ನದು. ತಂತ್ರಾಂಶ ಎಷ್ಟು ಮಾತಾಡಬೇಕು, ಅಂದರೆ ಪರದೆಗೆ ಎಷ್ಟು ಸಂದೇಶ ಕಳಿಸಬೇಕು ಎಂದು ಒಂದು ಅಂಕಿಯಿಂದ ಹೇಳುವ ಸೆಟ್ಟಿಂಗ್ ಒಂದಿದೆ, ಎನ್ವಿರಾನ್‌ಮೆಂಟ್ ವೇರಿಯಬಲ್ ಅನ್ನುತ್ತಾರೆ. ನಿನ್ನೆ ದೋಷ ಹುಡುಕಲೆಂದು ಅದನ್ನು ಐದಕ್ಕೆ ಏರಿಸಿ, ಇಳಿಸಲು ಮರೆತಿದ್ದೆ. ರೇಣುಕಾ ನನ್ನತ್ತ ಒಮ್ಮೆ ನೋಡಿದಳು. ಅದನ್ನು ಸೊನ್ನೆಗೆ ಇಳಿಸಿ ಮತ್ತೆ ಓಡಿಸಿದಳು. ಪರದೆ ಖಾಲಿ.

“ನಿಂತ್ವೇನು?” ಪರೀಕ್ಷಕರು ಗಾಬರಿಯಾದರು.

“ಇಲ್ರಿ ಸರ, ಕೆಲಸ ಮಾಡಾಕತ್ತಾವ್ರಿ. ಬಾಯಿ ಮುಚ್ಚಿ ಮಾಡ್ರಿ ಅಂತ ಹೇಳೇನಿ, ಅಷ್ಟರಿ.”

ಐದು ನಿಮಿಷದ ಬಳಿಕ ಒಂದೇ ಸಾಲು ಬಂತು, ಸರಿಯಾದ ಉತ್ತರ. ಪರೀಕ್ಷಕರು ನಕ್ಕು ಸಹಿ ಹಾಕಿದರು.

ಆ ಐದು ನಿಮಿಷ ಎಂಟೂ ಕಂಪ್ಯೂಟರ್‌ಗಳು ತೆಪ್ಪಗಿದ್ದವು. “ಆತೇನವ್ವಾ? ಆತೇನು?” ಎಂದು ಸುಮ್ಮನಿರಲಾರದೆ ಕೇಳುತ್ತಲೇ ಇದ್ದವನು ಅವಳ ಗುರುಗಳೆನಿಸಿಕೊಂಡ ನಾನೊಬ್ಬನೇ.