ಚಾಲೈ ಪೇಟೆಯ ಹಳೆಯ ಟ್ರಾನ್ಸಿಸ್ಟರುಗಳು

ದುಡ್ಡು ಹಿಡಿದು ನಿಂತ ಗಿರಾಕಿಗೆ ಸಾಮಾನು ಕೊಡದೆ, ಸ್ಟೂಲು ತೋರಿಸಿ “ಇರಿಕ್ಕ್ ಟೀಚರೇ” ಎನ್ನುವ ಅಂಗಡಿಯನ್ನು ನಾನು ಮೊದಲು ಕಂಡದ್ದು ತಿರುವನಂತಪುರದ ಚಾಲೈ ಪೇಟೆಯಲ್ಲಿ. ಇರಿಕ್ಕ್ ಎಂದರೆ ಕೂತುಕೊಳ್ಳಿ. ನನಗೋ ಬಸ್ಸಿನ ಅವಸರ.

ಮೈಸೂರು ಬಿಟ್ಟು ಬಂದು ಆಗ ಎರಡು ವರ್ಷ. ಯಜಮಾನರಿಗೆ ಇಲ್ಲಿನ ಬಾಹ್ಯಾಕಾಶ ಸಂಸ್ಥೆಯೊಂದಕ್ಕೆ ವರ್ಗವಾಗಿತ್ತು. ನನಗೆ ಮನೆಯ ಹತ್ತಿರದ ಶಾಲೆಯಲ್ಲಿ ವಿಜ್ಞಾನ ಕಲಿಸುವ ಕೆಲಸ ಸಿಕ್ಕಿತ್ತು. ದಪ್ಪ ಕುಸುಬಲಕ್ಕಿ ಅನ್ನಕ್ಕೆ ನಾಲಿಗೆ ಒಗ್ಗಿತು, ಮಲಯಾಳಂ ಅರೆಬರೆ ಬಂತು. ಅಂಗಡಿಗಳ ನಿಧಾನ ಮಾತ್ರ ಒಗ್ಗಿರಲಿಲ್ಲ.

ವಿಜ್ಞಾನ ಮೇಳಕ್ಕೆ ನನ್ನ ತರಗತಿಯ ಇಪ್ಪತ್ತೆಂಟು ಮಕ್ಕಳೂ ಕತ್ತಲಾದರೆ ತಾನೇ ಹೊತ್ತಿಕೊಳ್ಳುವ ಒಂದೊಂದು ಪುಟ್ಟ ದೀಪ ಮಾಡಬೇಕೆಂಬುದು ನನ್ನ ಹಟ. ಕೈಯಲ್ಲಿದ್ದ ದುಡ್ಡಿಗೆ ಸಿದ್ಧ ಕಿಟ್ ಕೊಂಡರೆ ಐದಾರು ದೀಪವಾಗುತ್ತಿತ್ತು, ಅಷ್ಟೆ. ಮುಂದಿನ ಬೆಂಚಿನವರು ಮಾಡುತ್ತಾರೆ, ಹಿಂದಿನವರು ಕೈಕಟ್ಟಿ ನೋಡುತ್ತಾರೆ.

ಪ್ರತಿ ದೀಪಕ್ಕೂ ಒಂದು ಟ್ರಾನ್ಸಿಸ್ಟರ್ ಬೇಕಿತ್ತು. ಆ ಸ್ಟೂಲಿನ ಅಂಗಡಿಯ ವಾಸುಚೇಟ್ಟನ್ ಹಾಳಾದ ರೇಡಿಯೊ, ಟಿ.ವಿ.ಗಳಿಂದ ಬಿಚ್ಚಿದ ಟ್ರಾನ್ಸಿಸ್ಟರುಗಳನ್ನು ಬಿಸ್ಕತ್ತಿನ ಡಬ್ಬಿಗಳಲ್ಲಿಟ್ಟು ಅಗ್ಗಕ್ಕೆ ಮಾರುತ್ತಾರೆ. ಚೇಟ್ಟನ್ ಎಂದರೆ ಅಣ್ಣ. ಆದರೆ ಒಂದೊಂದನ್ನೂ ಕೊಳ್ಳುವವರ ಎದುರೇ ಮೀಟರಿನಲ್ಲಿ ಪರೀಕ್ಷಿಸದೆ ಕೊಡುವವರಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯ “ಬೇಗ ಹೇಳಿ ಮೇಡಂ”ಗೆ ಪಳಗಿದ ನನಗೆ, ಮುದುಕರು ಹೊತ್ತು ಕಳೆಯುತ್ತಿದ್ದಾರೆ ಅನ್ನಿಸಿತು.

“ಬೇಡ ಚೇಟ್ಟಾ, ಬಸ್ಸಿಗೆ ಹೊತ್ತಾಯಿತು, ಹಾಗೇ ಕಟ್ಟಿಕೊಡಿ” ಎಂದೆ. ಅವರು ಒಮ್ಮೆ ನನ್ನ ಮುಖ ನೋಡಿ ಕಟ್ಟಿಕೊಟ್ಟರು.

ಶುಕ್ರವಾರ ತರಗತಿಯಲ್ಲಿ ಹೊತ್ತಿದ್ದು ಹನ್ನೊಂದೇ ದೀಪ. ಹಿಂದಿನ ಬೆಂಚಿನ ಫಾತಿಮಾ ತನ್ನದರ ಮೇಲೆ ಅಂಗೈ ಮುಚ್ಚಿ, ತೆಗೆದು, ಮತ್ತೆ ಮುಚ್ಚಿ, “ನಾನೇ ಏನೋ ತಪ್ಪು ಮಾಡಿದೆನಾ ಟೀಚರ್?” ಎಂದಳು. ತಪ್ಪು ಅವಳದಲ್ಲ, ಬಸ್ಸಿಗೆ ಓಡಿದವಳದು. ಮೇಳ ಸೋಮವಾರವೇ ಇತ್ತು.

ಶನಿವಾರ, ಬೈಸಿಕೊಳ್ಳಲು ಸಿದ್ಧಳಾಗಿಯೇ ಹೋದೆ. ವಾಸುಚೇಟ್ಟನ್ ಪೊಟ್ಟಣ ನೋಡಿ ನಕ್ಕರು.

“ಸಾರಮಿಲ್ಲ ಟೀಚರೇ. ಇವತ್ತು ಬಸ್ಸಿಲ್ಲವೋ?”

ಸಾರಮಿಲ್ಲ ಎಂದರೆ ಪರವಾಗಿಲ್ಲ. ಈ ಊರು ನನಗೆ ಕಲಿಸಿದ ಮಾತುಗಳಲ್ಲಿ ನನಗೆ ಅತಿ ಇಷ್ಟವಾದದ್ದು ಇದೇ. ಚಹಾ ತರಿಸಿ, ಮೀಟರನ್ನು ನನ್ನ ಕೈಗೇ ಕೊಟ್ಟು, ಟ್ರಾನ್ಸಿಸ್ಟರಿನ ಮೂರು ಕಾಲುಗಳಿಗೆ ಮೊನೆ ಮುಟ್ಟಿಸುವ ಕ್ರಮ ತೋರಿಸಿದರು. ಕೆಟ್ಟವು ಎಡಕ್ಕೆ, ಒಳ್ಳೆಯವು ಬಲಕ್ಕೆ.

“ಯಜಮಾನರಿಗೆ ಎಲ್ಲಿ ಕೆಲಸ?”

ಹೇಳಿದೆ.

“ಅಯ್ಯೋ, ರಾಕೆಟ್ಟಿನವರ ಮನೆಯಿಂದ ನನ್ನ ಡಬ್ಬಿಗೆ ಬಂದಿರಾ!”

“ಅವರು ಅಲ್ಲಿ ಲೈಬ್ರರಿಯಲ್ಲಿ, ಚೇಟ್ಟಾ.”

“ಓ! ಕಾಗದದ ರಾಕೆಟ್!”

ನನ್ನ ಹಿಂದೆ ಮೂವರು ಗಿರಾಕಿಗಳು ನಿಂತಿದ್ದರು. ಒಬ್ಬರೂ ಗೊಣಗಲಿಲ್ಲ, ಒಬ್ಬಾತ ನನ್ನ ಭುಜದ ಮೇಲಿಂದ ಬಗ್ಗಿ, “ಅದೂ ಕೆಟ್ಟದ್ದೇ, ಎಡಕ್ಕೆ ಹಾಕಿ” ಎಂದ. ಕೆಟ್ಟವುಗಳಿಗೆಲ್ಲ ಬದಲಿ ಕೊಟ್ಟ ವಾಸುಚೇಟ್ಟನ್ ಮೊದಲ ದಿನದ ನನ್ನ ಅವಸರವನ್ನು ಮತ್ತೆ ಎತ್ತಲೇ ಇಲ್ಲ. ಅವರಿಗೆ ನಾನು ಇಂದಿಗೂ ಋಣಿ.

ಸೋಮವಾರ ಕಿಟಕಿಗಳನ್ನು ಮುಚ್ಚಿಸಿದೆ. ಮಕ್ಕಳು “ಒನ್ನ್, ರಂಡ್, ಮೂನ್ನ್” ಎಂದು ಕೂಗಿ ಎಣಿಸಿದರು. ನಾನೂ ಅವರ ಜೊತೆ ಮಲಯಾಳಂನಲ್ಲೇ ಎಣಿಸಿದೆ. ಫಾತಿಮಾಳ ದೀಪವೂ ಲೆಕ್ಕಕ್ಕೆ ಸೇರಿತು. ಆದರೂ ಯಾಕೋ ನಂಬಿಕೆ ಬರಲಿಲ್ಲ. ಬಾಯಿ ಬಿಡದೆ, ಒಂದು, ಎರಡು, ಮೂರು ಎನ್ನುತ್ತ, ಇನ್ನೊಮ್ಮೆ ಬೆಂಚಿನಿಂದ ಬೆಂಚಿಗೆ ಹೋದೆ. ಎರಡೂ ಭಾಷೆಯಲ್ಲಿ ಇಪ್ಪತ್ತೆಂಟೇ ಬಂತು.