ಲಾಭ, ಎರಡು, ಮೂರು

ನಮ್ಮ ಮನೆಯ ಬೀರುವಿನ ಮೇಲಿನ ಅರೆಯಲ್ಲಿ ಬೆಣ್ಣೆಬಣ್ಣದ ಒಂದು ಉಲ್ಲನ್ ಹೊದಿಕೆ ಇದೆ. ಅದನ್ನು ನೀಟಾಗಿ ಮಡಿಸಿಟ್ಟವರು ಈವರೆಗೆ ಯಾರೂ ಇಲ್ಲ. ಅಂಚಿಗೆ ಅಂಚು ಕೂಡಿಸಿದರೆ ಮೂಲೆಗಳು ಮುನಿಸಿಕೊಳ್ಳುತ್ತವೆ, ಮೂಲೆಗಳನ್ನು ಒಲಿಸಿಕೊಂಡರೆ ನಡುವೆ ಹೊಟ್ಟೆ ಬರುತ್ತದೆ. ಕೊನೆಗೆ ಎಲ್ಲರೂ ಅದನ್ನು ಸುರುಳಿ ಸುತ್ತಿ, ಅರೆಯೊಳಕ್ಕೆ ತುರುಕಿ, ಅದು ಹೊರಗೆ ಬರುವ ಮೊದಲೇ ಬಾಗಿಲು ಹಾಕಿಬಿಡುತ್ತಾರೆ. ಕಾರಣ ಬಹಳ ಸರಳ. ಅದರ ಒಂದು ತುದಿ ಎರಡೂವರೆ ಗೇಣು, ಇನ್ನೊಂದು ತುದಿ ಐದು ಗೇಣು. ಗಣಿತದ ಭಾಷೆಯಲ್ಲಿ ಈ ಆಕೃತಿಗೆ ತ್ರಾಪಿಜ್ಯ ಎಂದು ಹೆಸರು. ಹೈಸ್ಕೂಲು ಮಕ್ಕಳಿಗೆ ಜೀವಮಾನವಿಡೀ ಗಣಿತ ಹೇಳಿದ ನನ್ನ ಕೈಯಿಂದಲೇ, ಆಯತ ಮಾಡುತ್ತೇನೆಂದು ಹೊರಟು, ಹುಟ್ಟಿದ ತ್ರಾಪಿಜ್ಯವಿದು. ನೆಟ್ಟಗೆ ಆಯತ ಬರೆಯಲು ಬಾರದ ಎಷ್ಟು ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೆನೋ, ಆ ಪಾಪವೆಲ್ಲ ಒಂದೇ ಹೊದಿಕೆಯಲ್ಲಿ ತೀರಿತು ಎಂದುಕೊಂಡಿದ್ದೇನೆ.

ತೊಂಬತ್ತರ ದಶಕದ ಕೊನೆಯ ಮಾತು. ನಾನು ಹಾಸನದಲ್ಲಿ ಅಮ್ಮನ ಜೊತೆ ಇದ್ದುಕೊಂಡು, ದಿನವೂ ಬಸ್ಸಿನಲ್ಲಿ ಹೊಳೆನರಸೀಪುರದ ಶಾಲೆಗೆ ಹೋಗಿಬರುತ್ತಿದ್ದೆ. ತಂಗಿ ಶಾರದೆಯನ್ನು ಅರಕಲಗೂಡಿಗೆ ಕೊಟ್ಟಿತ್ತು. ಅವಳಿಗೆ ಎರಡು ಸಲ ದಿನ ತುಂಬುವ ಮೊದಲೇ, ಎರಡು ಸಲವೂ ಐದನೆಯ ತಿಂಗಳಿನಲ್ಲಿ, ಗರ್ಭ ಇಳಿದುಹೋಗಿತ್ತು. ಮೂರನೆಯ ಸಲ ಅವಳು ಬಸುರಿ ಎಂಬ ಸುದ್ದಿ ಬಂದಾಗ ನಾವು ಅಮ್ಮ ಮಗಳು ಸಿಹಿ ಮಾಡಲಿಲ್ಲ, ಜೋರಾಗಿ ನಗಲೂ ಇಲ್ಲ. ಎಲ್ಲಿ ಯಾರ ಕಿವಿಗೆ ಬಿದ್ದೀತೋ ಎಂಬ ಹಾಗೆ ಮೆಲ್ಲಗೆ ಒಳಗೊಳಗೇ ಹಿಗ್ಗಿದೆವು. ದಿನಕ್ಕೆ ನೂರು ಸಲ ದೇವರನ್ನು ನೆನೆಯುವ ಶ್ರದ್ಧೆ ನನಗಿಲ್ಲ. ಆದರೆ ಸುಮ್ಮನೆ ಕೂತಿರಲೂ ಆಗಲಿಲ್ಲ. ಕೈಗೆ ಏನಾದರೂ ಕೆಲಸ ಕೊಡಬೇಕು, ಆ ಕೆಲಸ ಆ ಮಗುವಿನ ಕಡೆಗೇ ಹೋಗಬೇಕು ಎನ್ನಿಸಿತು. ಹೊದಿಕೆಯ ಯೋಚನೆ ಹುಟ್ಟಿದ್ದು ಹಾಗೆ.

ತೊಡಕಿದ್ದದ್ದು ಒಂದು ಗಾದೆಯಲ್ಲಿ. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಎಂಬ ಮಾತು ಲೋಕದವರಿಗೆಲ್ಲ ಆತುರಗಾರರನ್ನು ಗೇಲಿ ಮಾಡುವ ಗಾದೆಯಾದರೆ ನಮ್ಮ ಅಮ್ಮನಿಗೆ ಅದು ಕಾನೂನು. ಮಗು ಹುಟ್ಟಿ ಅತ್ತ ಮೇಲೆಯೇ ಅದಕ್ಕೆ ಬಟ್ಟೆ. ಅಲ್ಲಿಯವರೆಗೆ ಹಳೆಯ ಸೀರೆ ಹರಿಯುವ ಹಾಗೂ ಇಲ್ಲ. ಮೊದಲನೆಯ ಸಲ ಶಾರದೆಯೇ ಆಸೆಪಟ್ಟು ಒಂದು ಪುಟ್ಟ ಅಂಗಿ ಹೊಲಿಸಿಟ್ಟಿದ್ದಳು. ಅಮ್ಮ ಅದನ್ನು ಮರೆತಿರಲಿಲ್ಲ. ಹಾಗಾಗಿ ನಾನು ಉಲ್ಲನ್ನಿನ ಚೀಲ ಹಿಡಿದು ಮನೆಗೆ ಬಂದ ದಿನ, ಏನೇ ಅದು ಎಂದು ಅಮ್ಮ ಕೇಳಿದಾಗ, ಟಿವಿಗೆ ಕವರು ಎಂದುಬಿಟ್ಟೆ. ಆ ಕಾಲ ನಿಮಗೂ ನೆನಪಿರಬೇಕು. ಟಿವಿ, ರೇಡಿಯೋ, ಮಿಕ್ಸಿ, ಫ್ರಿಜ್ಜಿನ ಹಿಡಿ ಎಲ್ಲಕ್ಕೂ ಮುಸುಕು ಹಾಕಿ, ಮರ್ಯಾದಸ್ಥರ ಮನೆಯ ಸೊಸೆಯರ ಹಾಗೆ ಕೂರಿಸಿದ್ದ ಕಾಲವದು. ಸುಳ್ಳು ಸಲೀಸಾಗಿ ಸಂದುಹೋಯಿತು.

ಇನ್ನು ಕಲಿಯಬೇಕಲ್ಲ. ನಮ್ಮ ಶಾಲೆಯ ಹಿಂದಿನ ಬೀದಿಯಲ್ಲಿ ಭತ್ತದ ವ್ಯಾಪಾರದ ಮನೆಯೊಂದಿತ್ತು. ಪಡಸಾಲೆಯ ತುಂಬ ಮೂಟೆ, ಮೂಟೆಗಳ ಸಂದಿಯಲ್ಲಿ ಒಂದು ಮಣೆ, ಮಣೆಯ ಮೇಲೆ ನಂಜಮ್ಮ. ಅರವತ್ತು ದಾಟಿದ ಹೆಂಗಸು. ಹಣೆಯಲ್ಲಿ ವಿಭೂತಿ, ಮೂಗಿನ ಮೇಲೆ ದಾರ ಕಟ್ಟಿದ ಕನ್ನಡಕ, ಬೆರಳಿನಲ್ಲಿ ಸದಾ ಕ್ರೋಷಾ ಕಡ್ಡಿ. ಆಕೆಯ ಕೈಯಲ್ಲಿ ಬಾಗಿಲ ತೋರಣ, ದೇವರ ಗೂಡಿನ ಪರದೆಗಳೆಲ್ಲ ತಾವಾಗಿಯೇ ಇಳಿದುಬರುತ್ತಿದ್ದವು. ಮಧ್ಯಾಹ್ನದ ಬಿಡುವಿನಲ್ಲಿ ನಾನು ಬುತ್ತಿಯನ್ನು ಅಲ್ಲಿಯೇ ತಿಂದು ಶಿಷ್ಯೆಯಾಗಿ ಕೂರತೊಡಗಿದೆ. ದಾರದ ಕುಣಿಕೆಗಳ ಸಾಲಿಗೆ ಆಕೆ ಸರಪಣಿ ಎನ್ನುತ್ತಿದ್ದಳು. ಅದರ ಮೇಲೆ ಎದ್ದು ನಿಲ್ಲುವುದು ಕಂಬ. ಕಂಬ ಬಿಟ್ಟಲ್ಲಿ ಕಿಟಕಿ. ಒಂದೇ ಕಡೆ ಐದಾರು ಕಂಬ ಒತ್ತಿ ಬಿಗಿದರೆ ಉಬ್ಬಿ ನಿಲ್ಲುವ ಗುಂಡು ಗಂಟಿಗೆ ಪುರಿ. ಒಂದು ಸಾಲು ಪುರಿ, ಒಂದು ಸಾಲು ಕಿಟಕಿ ಎಂದು ಹಾಕಿಕೊಂಡು ಹೋದರೆ ಮುಟ್ಟಿದರೆ ಕಡಲೆಪುರಿ, ಹಿಡಿದು ನೋಡಿದರೆ ಬೆಳಕಿನ ಜಾಲರಿ.

ನನ್ನ ಮೊದಲ ಸಾಲು ಕಂಡು ನಂಜಮ್ಮ, "ಅಂಗಲ್ಲ ಕಣವ್ವಾ, ದಾರವ ನೇಣಾಕ್ದಂಗೆ ಬಿಗೀಬ್ಯಾಡ. ಅದೂ ಉಸಿರಾಡ್ಬೇಕು," ಎಂದಳು. ಒಂದು ಸಾಲು ಮುಗಿಸಿ ತಿರುಗುವಾಗ ಏನು ಮಾಡಬೇಕೆಂದು ಕೇಳಿದಾಗ, "ಮೂರ್ ಸರಪಣಿ ಆಕ್ಕೊ. ಅದು ಲಾಬ. ಆಮ್ಯಾಲೆ ಎಣಿಸ್ಕೊಂಡ್ ಓಗು, ತುದೀಗಂಟ ಒಂದೂ ಬಿಡ್ಬ್ಯಾಡ," ಎಂದಳು. ನಾನು ಮಹಾ ಬುದ್ಧಿವಂತೆಯ ಹಾಗೆ ತಲೆಯಾಡಿಸಿದೆ. ಲಾಭವೆಂದರೇನೆಂದು ನನಗೆ ಹೇಳಿಕೊಡಬೇಕೆ? ಮಾರಿದ ಬೆಲೆಯಲ್ಲಿ ಕೊಂಡ ಬೆಲೆ ಕಳೆದರೆ ಉಳಿಯುವುದು ಲಾಭ ಎಂದು ವರ್ಷವರ್ಷವೂ ಕರಿಹಲಗೆಯ ಮೇಲೆ ಬರೆಯುವವಳು ನಾನು. ಲಾಭವೆಂದರೆ ಲೆಕ್ಕದ ಆಚೆಗೆ ಮಿಗುವುದು, ಕೊಸರು. ಆದ್ದರಿಂದ ಆ ಮೂರು ಸರಪಣಿಯನ್ನು ಎಣಿಕೆಗೆ ಸೇರಿಸದೆ, ಅದರ ಬುಡದಲ್ಲಿಯೇ ಇನ್ನೊಂದು ಕಂಬ ನಿಲ್ಲಿಸಿ 'ಒಂದು' ಎಂದು ಶುರುಮಾಡಿದೆ. ವಾರವೊಂದು ಕಲಿಸಿ ನಂಜಮ್ಮ ಚನ್ನರಾಯಪಟ್ಟಣಕ್ಕೆ, ಮಗಳ ಮನೆಗೆ, ಎರಡು ತಿಂಗಳ ಮಟ್ಟಿಗೆ ಹೊರಟುಹೋದಳು. ನನ್ನನ್ನು ತಿದ್ದುವವರು ಊರಿನಲ್ಲಿ ಉಳಿಯಲಿಲ್ಲ.

ಬಸ್ಸಿನಲ್ಲಿ ಕ್ರೋಷಾ ಹಾಕುವುದು ಒಂದು ಸಾಹಸ. ಒಂದು ಸಂಜೆ ಮೊಸಳೆ ಎಂಬ ಊರಿನ ಹತ್ತಿರ ಎಮ್ಮೆ ಅಡ್ಡ ಬಂದು ಡ್ರೈವರು ಬ್ರೇಕು ಒತ್ತಿದಾಗ ಉಲ್ಲನ್ ಉಂಡೆ ಮಡಿಲಿನಿಂದ ನೆಗೆದು ಸೀಟುಗಳ ಕೆಳಗೆ ಓಡಿತು. "ಸಾ, ಕಾಲೆತ್ತಿ ಸಾ, ಮೇಡಮ್ಮೋರ ಉಂಡೆ ಓಯ್ತಾ ಅದೆ," ಎಂದು ಕಂಡಕ್ಟರು ಕೂಗಿದ. ಬಸ್ಸಿಗೆ ಬಸ್ಸೇ ಕಾಲೆತ್ತಿ ಕೂತಿತು. ತೆಂಗಿನಕಾಯಿ ಮೂಟೆ, ಕೋಳಿಬುಟ್ಟಿ ಸುತ್ತಿಕೊಂಡು ಬಂದ ದಾರವನ್ನು ಜನ ಕೈಯಿಂದ ಕೈಗೆ ದಾಟಿಸಿ ನನಗೆ ತಲುಪಿಸಿದರು. ಮೊಸಳೆಯ ಅವಳಿ ದೇವಸ್ಥಾನಗಳನ್ನು ಆಮೇಲೆ ನೆನೆದಾಗಲೆಲ್ಲ ನನಗೊಂದು ತುಂಟ ಅನುಮಾನ. ಕಲ್ಲಿನಲ್ಲಿ ಪುರಿ, ಕಿಟಕಿ ಎಲ್ಲವನ್ನೂ ತೆಗೆದ ಆ ಶಿಲ್ಪಿಗಳಿಗೂ ಒಂದು ಮೊದಲ ಕಲ್ಲು ಇದ್ದಿರಲೇಬೇಕಲ್ಲ? ವಕ್ರವಾದ ಆ ಕಲ್ಲನ್ನು ಯಾವ ಗೋಡೆಯ ಬೆನ್ನಿಗೆ ಬಚ್ಚಿಟ್ಟರೋ ಕಾಣೆ. ಕಲ್ಲಿಗೆ ಹೋಲಿಸಿದರೆ ಉಲ್ಲನ್ ದಯಾಳು; ಎಳೆದರೆ ಬಿಚ್ಚಿಕೊಳ್ಳುತ್ತದೆ.

ಇತ್ತ ಹೊದಿಕೆ ಸಾಲುಸಾಲಿಗೂ ಅಗಲವಾಗುತ್ತಿತ್ತು. ಪುರಿಯಿಂದ ಪುರಿಗೆ ಮಾತ್ರ ಎಣಿಸುತ್ತಿದ್ದ ನಾನು ಒಟ್ಟು ಎಷ್ಟೆಂದು ಎಣಿಸಿದವಳಲ್ಲ. ತುದಿಯಲ್ಲಿ ಮಿಕ್ಕಿದ್ದನ್ನು ಕೈ ಸಡಿಲವಾಯಿತೆಂದು ಸಮಾಧಾನ ಹೇಳಿಕೊಂಡು ಮುಗಿಸುತ್ತಿದ್ದೆ. ಅಮ್ಮ ಒಮ್ಮೆ ಅದನ್ನು ಟಿವಿಯ ಮೇಲೆ ಹರಡಿ, "ನಮ್ಮ ಟಿವಿ ಇಷ್ಟು ದಪ್ಪ ಯಾವಾಗಾಯ್ತೇ?" ಎಂದು ಕೇಳಿದಳು. ಮುಂದೆ ದೊಡ್ಡದು ತಗೋಳೋಣ ಅಂತಿದೀನಿ ಎಂದೆ. ಒಂದು ಸುಳ್ಳಿಗೆ ಇನ್ನೊಂದು ಕಂಬ.

ಶಾರದೆಗೆ ಐದನೆಯ ತಿಂಗಳು ಬಿತ್ತು. ಒಂದು ದಿನ ಹೆಡ್‌ಮಾಸ್ಟರ ಕೋಣೆಗೆ ನನಗೆ ಕರೆ ಬಂತು. ಆ ಕಡೆ ಅಮ್ಮ. "ಶಾರದೇನ ಹಾಸನದ ಆಸ್ಪತ್ರೆಗೆ ಕರ್ಕೊಂಡು ಬಂದಿದಾರೆ ಕಣೇ. ಬೆಳಿಗ್ಗೆಯಿಂದ ಹೊಟ್ಟೆನೋವು, ರಕ್ತ ಬೇರೆ ಕಾಣಿಸ್ಕೊಂಡಿದೆ. ಬೇಗ ಬಾ." ಮುಂದಿನ ಬಸ್ಸಿಗೆ ಮುಕ್ಕಾಲು ಗಂಟೆಯಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಕೂರಲಾರದೆ ನಾನು ಕಾಲು ಎಳೆದ ಕಡೆ, ನಂಜಮ್ಮನ ಮನೆಗೆ, ಹೋದೆ. ಹಿಂದಿನ ದಿನವಷ್ಟೇ ವಾಪಸು ಬಂದಿದ್ದ ನಂಜಮ್ಮ ಒಳಗೆ ಕಾಫಿಗೆ ಇಡುತ್ತೇನೆಂದು ಹೋದಳು. ಜಗಲಿಯಲ್ಲಿ ಒಬ್ಬಳೇ ಕೂತ ನಾನು, ಮೂಢನಂಬಿಕೆಯ ವಿರುದ್ಧ ಮಕ್ಕಳಿಗೆ ಭಾಷಣ ಮಾಡುತ್ತಿದ್ದವಳು, ಚೀಲದಿಂದ ಹೊದಿಕೆ ತೆಗೆದು ಬಿಚ್ಚತೊಡಗಿದೆ. ಇದರಿಂದಲೇ ಆಯಿತು, ನನ್ನ ಆತುರದಿಂದಲೇ ಆಯಿತು ಎಂಬ ಒಂದೇ ಮಾತು ತಲೆಯಲ್ಲಿ. ತಿಂಗಳುಗಟ್ಟಲೆ ಹಾಕಿದ್ದು ಎಳೆದಂತೆಲ್ಲ ಸರ್ರನೆ ಬಿಚ್ಚಿಕೊಂಡು ಬರತೊಡಗಿತು. ಒಂದು ಸಾಲು ಹೋಯಿತು, ಎರಡನೆಯದೂ ಅರ್ಧ ಹೋಯಿತು.

ಕಾಫಿ ತಂದ ನಂಜಮ್ಮ ಲೋಟ ಕೆಳಗಿಟ್ಟು ನನ್ನ ಮಣಿಕಟ್ಟು ಹಿಡಿದಳು. "ಯಾಕ್ ಮಗಾ ಬಿಚ್ತಿದ್ದೀ?" ಎಂದಳು. ಅಲ್ಲಿಯವರೆಗೆ ಯಾರಿಗೂ ಹೇಳದ್ದನ್ನೆಲ್ಲ ಅತ್ತುಕೊಂಡೇ ಹೇಳಿದೆ. ಆಕೆ ಪೂರ್ತಿ ಕೇಳಿ, "ಕೂಸು ಉಟ್ಟೋಕ್ ಮುಂಚೆ ಬಟ್ಟೆ ಮಾಡ್ಬಾರ್ದು, ಅದು ದಿಟ. ಆದ್ರೆ ಇದೆಲ್ಲಿ ಬಟ್ಟೆ ಆಗದೆ? ಕೊನೇ ಗಂಟು ಆಕೋಗಂಟ ಇದು ದಾರ್ವೇ ಕಣವ್ವ. ಮನೇಲಿ ದಾರ ಮಡೀಕಂಡ್ರೆ ಯಾವ್ ದೋಸ ಬತ್ತದೆ? ಆಕ್ಕೊಂಡ್ ಓಗ್ತಾ ಇರು, ಗಂಟು ಮಾತ್ರ ಆಕ್ಬ್ಯಾಡ," ಎಂದಳು. ಯಾವ ವಕೀಲನಿಗೂ ಹೊಳೆಯದ ವಾದವದು. ಬಿಚ್ಚಿದ ದಾರವನ್ನು ನಾನು ಮತ್ತೆ ಉಂಡೆಗೆ ಸುತ್ತಿಕೊಂಡೆ.

ಆಮೇಲೆ ಆಕೆ ಹೊದಿಕೆಯನ್ನು ತೊಡೆಯ ಮೇಲೆ ಹರಡಿ ನೋಡಿದಳು, ತಿರುಗಿಸಿ ನೋಡಿದಳು, ಕನ್ನಡಕ ತೆಗೆದು ನೋಡಿದಳು. "ಇದೇನವ್ವಾ, ರಗ್ಗು ಆಕು ಅಂದ್ರೆ ಮೊರ ಆಕಿದ್ದೀಯಲ್ಲ!" ಬೆರಳಿಟ್ಟು ಎಣಿಸಿ, ಪ್ರತಿ ಸಾಲಿನ ಶುರುವಿನಲ್ಲೂ ಒಂದು ಕಂಬ ಹೆಚ್ಚಾಗಿರುವುದನ್ನು ತೋರಿಸಿದಳು. ಅದು ಲಾಭ ಎಂದಿರಲ್ಲ, ಅದಕ್ಕೇ ಲೆಕ್ಕಕ್ಕೆ ಹಿಡಿಯಲಿಲ್ಲ ಎಂದೆ. ನಂಜಮ್ಮ ಹಣೆ ಚಚ್ಚಿಕೊಂಡಳು. "ಲಾಬ ಅಂದ್ರೆ ಒಂದು ಕಣವ್ವ! ಆ ಮೂರ್ ಸರಪಣೀನೇ ಮೊದಲ್ನೇ ಕಂಬ. ಬತ್ತ ಅಳೆಯೋವಾಗ ಲಾಬ, ಎರಡು, ಮೂರು ಅನ್ನಾಕಿಲ್ವಾ? ಲೆಕ್ಕದ್ ಮೇಡಮ್ಮು, ಅಷ್ಟೂ ಗೊತ್ತಿಲ್ವಾ? ಒಂದು ಅಂದ್ರೆ ಒಂದೇಯಾ ಅಂತ ಮನ್ಸು ಚಿಕ್ಕದಾಯ್ತದೆ. ಮೊದ್ಲು ಬಂದಿದ್ದೇ ಲಾಬ."

ಹಾಗಾದರೆ ಮೊದಲಿನಿಂದ ಬಿಚ್ಚಿ ನೆಟ್ಟಗೆ ಹಾಕಲೇ ಎಂದು ಕೇಳಿದೆ. "ಬ್ಯಾಡ. ಬೆಳ್ಕೊಂಡ್ ಬಂದಿರೋದ್ನ ಕಳೀಬ್ಯಾಡ. ಉಟ್ಟಿದ್ ಕೂಸ್ನ ಮೊದ್ಲು ಮಲಗ್ಸೋದು ಮೊರದಲ್ಲೇ ತಾನೆ? ಇಂಗೇ ಓಗ್ಲಿ," ಎಂದು ಚೀಲವನ್ನು ನನ್ನ ಹೆಗಲಿಗೆ ತಾನೇ ಏರಿಸಿ ಬಸ್ಸಿಗೆ ಕಳಿಸಿದಳು.

ಆಸ್ಪತ್ರೆಯಲ್ಲಿ ಶಾರದೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಮಗುವಿನ ಎದೆಬಡಿತ ಇದೆ, ಆದರೆ ಇನ್ನು ಹಾಸಿಗೆಯಿಂದ ಏಳುವಂತಿಲ್ಲ ಎಂದರು ಡಾಕ್ಟರು. ಅವಳನ್ನು ಅಮ್ಮನ ಮನೆಗೇ ಕರೆತಂದು, ಮಂಚವನ್ನು ಟಿವಿಯ ಎದುರಿಗೆ ಹಾಕಿದೆವು. ನಾನು ಅವಳ ಕಾಲ ಬಳಿ ಕೂತು, ಬೇಕೆಂದೇ ಅದೇ ತಪ್ಪು ಮಾಡುತ್ತ, ಸಾಲಿಗೊಂದು ಕಂಬ ಹೆಚ್ಚಿಸುತ್ತ ಹೋದೆ. ಆರನೆಯ ತಿಂಗಳು, ಏಳನೆಯ ತಿಂಗಳು. "ಅಕ್ಕ, ಟಿವಿ ಕವರು ಎಲ್ಲಿಗೆ ಬಂತು?" ಎಂದು ಶಾರದೆ ಕೇಳುವಳು, ಇನ್ನೂ ಬೆಳೀತಿದೆ ಎನ್ನುವೆ. ಮನೆಯಲ್ಲಿ ಮೂವರು ಹೆಂಗಸರಿದ್ದೆವು. ಬರಲಿದ್ದ ನಾಲ್ಕನೆಯವರ ಹೆಸರನ್ನು ಒಬ್ಬರೂ ಎತ್ತಲಿಲ್ಲ. ಅರವತ್ತನೆಯ ಸಾಲು ಮುಗಿದಾಗ ಗಂಟು ಹಾಕದೆ, ಕಡ್ಡಿಯನ್ನು ಕೊನೆಯ ಕುಣಿಕೆಯಲ್ಲೇ ಬಿಟ್ಟು, ಉಂಡೆಯ ಸಮೇತ ಚೀಲದಲ್ಲಿಟ್ಟೆ.

ಪುಷ್ಯದ ಚಳಿಯಲ್ಲಿ, ಬೆಳಗಿನ ಎಂಟು ಗಂಟೆಗೆ, ಶಾರದೆಗೆ ಹೆಣ್ಣು ಮಗು ಹುಟ್ಟಿತು. ಅದು ಅತ್ತ ಸದ್ದು ಬಾಗಿಲಾಚೆ ಬೆಂಚಿನ ಮೇಲೆ ಕೂತಿದ್ದ ನನಗೆ ಕೇಳಿತು. ಅಷ್ಟು ಹೊತ್ತಿಗೆ ಅಮ್ಮ ಫ್ಲಾಸ್ಕಿನ ಜೊತೆ ಇನ್ನೊಂದು ಚೀಲ ಹಿಡಿದು ಬಂದಳು. ಅದರೊಳಗಿಂದ ಹೊದಿಕೆ ತೆಗೆದು ನನ್ನ ಮಡಿಲಿಗೆ ಹಾಕಿ, "ಗಂಟು ಹಾಕೇ," ಎಂದಳು. "ಟಿವಿಗೆ ಯಾರೇ ಉಲ್ಲನ್ ಹೊದಿಸ್ತಾರೆ? ಅದಕ್ಕೇನು ಚಳಿಯಾ?" ಎಂದು ಅಮ್ಮ ನಕ್ಕಳು. ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅಷ್ಟು ತಿಂಗಳು ನನ್ನ ಸುಳ್ಳನ್ನು ಅವಳೂ ಒಂದು ಕಡೆ ಹಿಡಿದುಕೊಂಡಿದ್ದಳೆಂದು ನನಗೆ ತಿಳಿದದ್ದು ಆಗ.

ಒಳಗೆ ಹೋಗಿ ಶಾರದೆಯ ಮಂಚದ ಬಳಿ ಗಂಟು ಹಾಕುತ್ತಿದ್ದಾಗ ನರ್ಸೊಬ್ಬಳು ಕಾಗದ ಹಿಡಿದು ಬಂದು, ಇದು ಎಷ್ಟನೇದಮ್ಮ ಎಂದು ಶಾರದೆಯನ್ನು ಕೇಳಿದಳು. ಮೂರನೆಯದು ಎಂದರೆ ಆ ಇಬ್ಬರೆಲ್ಲಿ ಎಂಬ ಮಾತು ಬರುತ್ತದೆ. ಒಂದನೆಯದು ಎನ್ನಲು ಅವಳಿಗೆ ಬಾಯಿ ಬರುತ್ತಿರಲಿಲ್ಲ, ಆ ಇಬ್ಬರಿಗೆ ಮೋಸ ಮಾಡಿದ ಹಾಗೆ. ಅವಳ ಮುಖ ನೋಡಲಾರದೆ ನಾನೇ ಹೇಳಿದೆ: "ಲಾಭ ಅಂತ ಬರ್ಕೊಳಮ್ಮ." ಆ ಹುಡುಗಿ ಕಟ್ಟಾಯದ ಕಡೆಯ ರೈತರ ಮನೆಯವಳಂತೆ. ನಕ್ಕು, ಮರುಮಾತಿಲ್ಲದೆ ಒಂದು ಎಂದು ಬರೆದುಕೊಂಡಳು. ಶಾರದೆಯೂ ನಕ್ಕಳು, ಎಷ್ಟೋ ತಿಂಗಳ ಮೇಲೆ.

ಮಗುವನ್ನು ಹೊದಿಕೆಯ ಕಿರಿದಾದ ತುದಿಯಲ್ಲಿ ಸುತ್ತಿದ್ದೆವು. ಈಗ ಅವಳು ರಜೆಗೆಂದು ಹಾಸನಕ್ಕೆ ಬಂದರೆ ಅಗಲದ ತುದಿಯನ್ನು ಹೊದ್ದು ಮಲಗುತ್ತಾಳೆ. ಅಂತೂ ನನ್ನ ತಪ್ಪು ಅವಳ ಜೊತೆಜೊತೆಗೇ ಬೆಳೆದಿತ್ತು. ಮೊನ್ನೆ ಅದನ್ನು ಮಡಿಸಲು ಹೆಣಗಿ ಸೋತು, "ದೊಡ್ಡಮ್ಮ, ನೀನು ನಿಜವಾಗ್ಲೂ ಮ್ಯಾತ್ಸ್ ಟೀಚರ್ರಾ?" ಎಂದು ಕೇಳಿದಳು. ಬಾ, ಇಬ್ಬರೂ ಸೇರಿ ಮಡಿಸೋಣ ಎಂದು ಅಗಲದ ತುದಿ ನಾನು ಹಿಡಿದೆ, ಕಿರಿದು ಅವಳು ಹಿಡಿದಳು. ಮೊದಲ ಮಡಿಕೆಗೆ ಅವಳು ಒಂದು ಎಂದಳು. ಹಾಗನ್ನಬಾರದು ಕಣೇ ಎಂದೆ.