ಸೂಜಿ ಹಾಕಿದ ಓಣಿ

ಕೋಳಿಗೆ ಸೂಜಿ ಹಾಕುವ ಕೆಲಸಕ್ಕೆ ಒಪ್ಪಿಕೊಂಡಾಗ ನಾನು ಕೋಳಿಯನ್ನು ಒಮ್ಮೆಯೂ ಕೈಯಲ್ಲಿ ಹಿಡಿದವಳಲ್ಲ. ನಮ್ಮದು ಲಿಂಗ ಕಟ್ಟಿಕೊಂಡವರ ಮನೆ. ಅಂಗಳಕ್ಕೆ ಕೋಳಿ ಬಂದರೆ ಹುಶ್ ಎಂದು ಓಡಿಸುವುದಷ್ಟೇ ಗೊತ್ತು. ಆದರೆ ನಮ್ಮ ಮಹಿಳಾ ಸಂಘದಲ್ಲಿ ಹತ್ತನೆಯ ತರಗತಿ ಪಾಸಾದವಳು ನಾನೊಬ್ಬಳೇ. ಕುರಿ, ಕೋಳಿ, ದನಗಳ ಸಣ್ಣಪುಟ್ಟ ಔಷಧೋಪಚಾರ ಕಲಿಯಲು ಊರಿಗೊಬ್ಬ ಹೆಂಗಸು ಬೇಕು ಎಂದಾಗ ಎಲ್ಲರೂ ನನ್ನ ಕಡೆಗೇ ನೋಡಿದರು.

ಯಾದಗಿರಿಯಲ್ಲಿ ತರಬೇತಿ ಕೊಟ್ಟರು. ಮೊದಲ ಸಲ ಹಿಡಿದಾಗ ಕೋಳಿಯ ಎದೆ ನನ್ನ ಅಂಗೈಯಲ್ಲಿ ಡಬಡಬ ಬಡಿದುಕೊಂಡಿತು. ಅಷ್ಟೊಂದು ಬಿಸಿ ಇರುತ್ತದೆ ಎಂದು ಗೊತ್ತಿರಲಿಲ್ಲ. ಗಾಬರಿಯಾಗಿ ಕೈಬಿಟ್ಟೆ. ಕಲಿತು ಊರಿಗೆ ಬಂದಾಗ ಅತ್ತೆ ಹೇಳಿದ್ದು ಒಂದೇ ಮಾತು: "ಮಾಡು, ಬ್ಯಾಡ ಅನ್ನಂಗಿಲ್ಲ. ಆದ್ರ ಬಂದ ಕೂಡ್ಲೆ ಮೈ ತೊಳ್ಕೊಂಡು ಒಳಗ ಬಾ."

ನಮ್ಮೂರು ಹುಣಸಗಿಯಿಂದ ಸುರಪುರಕ್ಕೆ ಹೋಗುವ ದಾರಿಯಲ್ಲಿ, ಕಾಲುವೆಯ ಪಕ್ಕದಲ್ಲಿದೆ. ಆ ವರ್ಷ ಬೋನಾಳದ ಕಡೆ ಕೋಳಿಗಳಿಗೆ ಕೊಕ್ಕರೆ ರೋಗ ಬಂದಿದೆ ಎಂಬ ಸುದ್ದಿ ಬಂತು. ಅದು ಹೊಕ್ಕ ಮನೆಯಲ್ಲಿ ಕೋಳಿ ಉಳಿಯುವುದೇ ಅಪರೂಪ. ನಾನು ಸುರಪುರದ ದನದ ದವಾಖಾನೆಗೆ ಹೋಗಿ, ಮಂಜುಗಡ್ಡೆ ತುಂಬಿದ ಫ್ಲಾಸ್ಕಿನಲ್ಲಿ ಲಸಿಕೆ ತಂದೆ. ಒಮ್ಮೆ ಸೀಸೆ ಒಡೆದು ನೀರು ಬೆರೆಸಿದರೆ ಎರಡು ತಾಸಿನೊಳಗೆ ಮುಗಿಸಬೇಕು.

ಮರುದಿನ ಬೆಳಗಿನಲ್ಲಿ, ಕೋಳಿಗಳನ್ನು ಹೊರಗೆ ಬಿಡುವ ಮೊದಲೇ ಮನೆಮನೆಗೆ ಹೋದೆ. ಒಬ್ಬೊಬ್ಬರು ತಮ್ಮ ಕೋಳಿಯನ್ನು ಒಂದೊಂದು ಥರ ನೋಡುತ್ತಿದ್ದರು. ಒಬ್ಬಳು ಪ್ರತಿ ಕೋಳಿಯ ಹುಟ್ಟು, ತಾಯಿ, ಅಜ್ಜಿ ಎಲ್ಲ ಹೇಳಿದಳು. ಇನ್ನೊಬ್ಬಳು "ಇದು ಬೀಗರು ಬಂದಾಗ, ಇದು ಪಂಚಮಿ ಮುಗದ ಮ್ಯಾಲ" ಎಂದು ಕೊಯ್ಯುವ ಲೆಕ್ಕದಲ್ಲೇ ಅವನ್ನು ಕೈಗೆ ಕೊಟ್ಟಳು. ಆಕೆಯ ಗಂಡನಂತೂ "ಕೋಳಿ ತಿನ್ನದಾಕಿ ಕೈಯಾಗ ಕೋಳಿ ಜೀವ ಕೊಟ್ಟೀರಿ" ಎಂದು ನಕ್ಕ. ನಾನೂ ನಕ್ಕೆ.

ಕೊನೆಯ ಓಣಿಗೆ ಬರುವಾಗ ಬಿಸಿಲು ಏರಿತ್ತು, ಮಂಜುಗಡ್ಡೆ ಕರಗಿತ್ತು. ಆ ಓಣಿಯ ಮೊದಲ ಮನೆ ಕುರಿ ಕಾಯುವವರದು. ಗಂಡಸರು ಕುರಿ ಹೊಡೆದುಕೊಂಡು ದೂರ ಹೋಗಿದ್ದರು. ಮನೆಯಲ್ಲಿದ್ದವರು ಊರವರೆಲ್ಲ ಆಯಿ ಎಂದು ಕರೆಯುವ ಮುದುಕಿ ಮತ್ತು ಬಾಣಂತನಕ್ಕೆ ಬಂದಿದ್ದ ಆಕೆಯ ಮೊಮ್ಮಗಳು. ಮೊಮ್ಮಗಳಿಗೆ ದಿನ ತುಂಬಿತ್ತು. ಏಳು ಕೋಳಿ, ಒಂದು ಕೆಂಪು ಹುಂಜ. ಮೊಮ್ಮಗಳ ಮೊದಲ ಹೆರಿಗೆಯಲ್ಲಿ ಕೂಸು ಉಳಿದಿರಲಿಲ್ಲವಂತೆ. ಈ ಸಲ ಸುಸೂತ್ರವಾದರೆ ಒಪ್ಪಿಸುತ್ತೇನೆಂದು ಆಯಿ ಆ ಹುಂಜವನ್ನು ದೇವಿಯ ಹೆಸರಿಗೆ ಬಿಟ್ಟಿದ್ದಳು.

"ಅದಕ್ಕ ಚುಚ್ಚಬ್ಯಾಡ ಯವ್ವಾ. ದೇವರದು. ಊನ ಆಗಬಾರ್ದು," ಎಂದಳು.

"ಸೂಜಿ ಹಾಕಿದ್ರ ಊನ ಆಗಲ್ಲ ಆಯಿ. ಹಾಕದಿದ್ರ ಜಡ್ಡು ಬರ್ತದ," ಎಂದು ನಾನೇ ಒತ್ತಾಯ ಮಾಡಿದೆ. ಅರೆಮನಸ್ಸಿನಿಂದ ಒಪ್ಪಿದಳು.

ಮೂಲೆಯ ಬುಟ್ಟಿಯಲ್ಲಿ ಒಂದು ಕೋಳಿ ಪುಕ್ಕ ಉಬ್ಬಿಸಿಕೊಂಡು, ಕಣ್ಣು ಅರ್ಧ ಮುಚ್ಚಿ ಕುಳಿತಿತ್ತು. "ಇದಕ್ಕೇನಾಗ್ಯದ?" ಎಂದೆ.

"ಕಾವಿಗಿ ಕುಂತದ," ಎಂದಳು ಆಯಿ.

ಜಡ್ಡು ಇರುವ ಮನೆಯಲ್ಲಿ ಲಸಿಕೆ ಹಾಕಬಾರದು ಎಂದು ನನಗೆ ಹೇಳಿಕೊಟ್ಟಿದ್ದರು. ಬಗ್ಗಿ ನೋಡಿದ್ದರೆ ಅದರ ಕೆಳಗೆ ಮೊಟ್ಟೆ ಇಲ್ಲದ್ದು ಗೊತ್ತಾಗುತ್ತಿತ್ತು. ನೋಡಲಿಲ್ಲ. ಅದಕ್ಕೂ ಹಾಕಿದೆ, ಉಳಿದವಕ್ಕೂ ಹಾಕಿದೆ. ಮನೆ ಬದಲಾದಾಗ ಸೂಜಿಯನ್ನೂ ಬದಲಿಸಬೇಕಿತ್ತು. ಚೀಲದಲ್ಲಿ ಹೊಸ ಸೂಜಿಗಳಿದ್ದವು. ಇನ್ನು ನಾಲ್ಕೇ ಮನೆ, ಹೊತ್ತಾಗುತ್ತಿದೆ ಎಂದುಕೊಂಡು ಅದೇ ಸೂಜಿ ಹಿಡಿದು ಮುಂದಿನ ಮನೆಗೆ ಹೋದೆ.

ನಾಲ್ಕನೆಯ ದಿನ ನೀರು ತರುವಾಗ ಒಬ್ಬಳು ಹೇಳಿದಳು: "ಆಯಿ ಕೋಳಿ ಒಂದು ಸತ್ತದಂತ." ಕೊಡ ಕೆಳಗಿಟ್ಟುಬಿಟ್ಟೆ. ಮೂಲೆಯ ಬುಟ್ಟಿ ಕಣ್ಣ ಮುಂದೆ ಬಂತು. ಮರುದಿನ ಇನ್ನೆರಡು ಸತ್ತವು. ಅದರ ಮರುದಿನ ಪಕ್ಕದ ಮನೆಯಲ್ಲೂ ಒಂದು ಕೋಳಿ ಹಸಿರು ಹಿಕ್ಕೆ ಹಾಕಿ ಬಾಯಿ ಕಳೆಯುತ್ತಿದೆ ಎಂದು ಸುದ್ದಿ. ಆ ಮನೆಗೂ ನಾನು ಹೋಗಿದ್ದೆ, ಅದೇ ಸೂಜಿ ಹಿಡಿದು.

ದವಾಖಾನೆಯ ಡಾಕ್ಟರಿಗೆ ಫೋನ್ ಮಾಡಿದೆ. ಸತ್ತ ಕೋಳಿಗಳ ಲೆಕ್ಕ ಹೇಳಿದೆ.

"ಕೋಳಿ ಒಳಗ ಮೊದ್ಲೇ ರೋಗ ಇದ್ರ ಲಸಿಕಿ ತಡಿಯಂಗಿಲ್ಲ ಯವ್ವಾ. ನಿಂದೇನೂ ತಪ್ಪಿಲ್ಲ," ಎಂದರು ಅವರು. ಆಮೇಲೆ ಕೇಳಿದರು: "ಮನಿಗೊಂದು ಸೂಜಿ ಬದಲಿ ಮಾಡೀದಿ ಇಲ್ಲೋ?"

"ಮಾಡೀನ್ರಿ," ಎಂದೆ.

ಅಂದಿನಿಂದ ಆ ಓಣಿಯ ಕಡೆ ಹೋಗುವುದನ್ನೇ ಬಿಟ್ಟೆ. ಅಂಗಡಿಗೆ ಹೋಗಬೇಕಾದರೆ ಶಾಲೆಯ ಹಿಂದಿನಿಂದ ಸುತ್ತು ಹಾಕಿ ಹೋಗುತ್ತಿದ್ದೆ. ಮುಂಜಾನೆ ಎಚ್ಚರವಾದರೆ ಹಾಸಿಗೆಯಲ್ಲೇ ಕಿವಿಗೊಟ್ಟು ಕೇಳುತ್ತಿದ್ದೆ, ಆ ಓಣಿಯಿಂದ ಎಷ್ಟು ಹುಂಜ ಕೂಗಿದವು ಎಂದು. ಅಂಗಳದಲ್ಲಿ ಹೆಂಗಸರ ಮಾತು ಕೇಳಿಸಿದರೆ ನನ್ನನ್ನೇ ಕೇಳಲು ಬಂದಿದ್ದಾರೆ ಎಂದು ಒಳಮನೆಗೆ ಹೋಗಿ ನಿಲ್ಲುತ್ತಿದ್ದೆ.

ಹತ್ತನೆಯ ದಿನ ಆಯಿಯ ಕೆಂಪು ಹುಂಜ ಕುತ್ತಿಗೆ ತಿರುಚಿಕೊಂಡು ಬಿತ್ತು. ಸಂಜೆಯೊಳಗೆ ಸತ್ತಿತು.

ಆಮೇಲೆ ಊರಿನಲ್ಲಿ ಕೋಳಿ ರೋಗದ ಮಾತು ನಿಂತು ದೇವಿಯ ಮಾತು ಶುರುವಾಯಿತು. ಹೊಲಕ್ಕೆ ಹೋಗುವ ಹೆಂಗಸರು ನಮ್ಮ ಮನೆಯ ಮುಂದೆಯೇ ಮಾತಾಡುತ್ತ ಹೋದರು. "ದೇವಿ ಹುಂಜ ಹೊತ್ತಿಗಿ ಮೊದ್ಲ ಹೋಯ್ತು ಅಂದ್ರ, ಆಕಿಗಿ ಬ್ಯಾರೆ ಏನೋ ಬೇಕಾಗ್ಯದ," ಎಂದಳು ಒಬ್ಬಳು. "ಹಂಗನಬ್ಯಾಡ, ಮನಿ ಮ್ಯಾಲ ಬಂದದ್ದು ಕೋಳಿ ಮ್ಯಾಲ ಹೋಯ್ತು," ಎಂದಳು ಇನ್ನೊಬ್ಬಳು. ಇಂಥ ಮಾತನ್ನು ನಾನು ನಂಬುವವಳಲ್ಲ. ಆದರೆ ಬಾಗಿಲ ಹಿಂದೆ ನಿಂತು, ಎರಡನೆಯವಳ ಮಾತೇ ನಿಜವಾಗಲಿ ಎಂದು ಲಿಂಗ ಹಿಡಿದು ಬೇಡಿಕೊಂಡೆ.

ಎರಡು ದಿನ ಕಳೆದು, ಮಧ್ಯಾಹ್ನದ ಹೊತ್ತಿನಲ್ಲಿ, ಮೊಮ್ಮಗಳನ್ನು ಆಟೋದಲ್ಲಿ ಸುರಪುರಕ್ಕೆ ಕರೆದೊಯ್ದರು. ಆಟೋ ನಮ್ಮ ಮನೆಯ ಮುಂದೆಯೇ ಹೋಯಿತು. ಆಕೆ ಸೀಟಿನ ಕಂಬಿಯನ್ನು ಎರಡೂ ಕೈಯಿಂದ ಹಿಡಿದಿದ್ದಳು. ಪಕ್ಕದಲ್ಲಿದ್ದ ಆಯಿ ನನ್ನನ್ನು ನೋಡಿದಳೋ ಇಲ್ಲವೋ ತಿಳಿಯಲಿಲ್ಲ. ರೊಟ್ಟಿ ಬಡಿಯಲು ಕುಳಿತೆ, ಹಿಟ್ಟು ಕೈಯಲ್ಲೇ ಉಳಿಯಿತು. ಅತ್ತೆ ನನ್ನ ಮುಖ ನೋಡಿ, "ಏನಾಗ್ಯದ ನಿನಗ?" ಎಂದರು. ಆಗ ಸೂಜಿಯ ವಿಷಯ ಮೊದಲ ಬಾರಿ ಬಾಯಿಬಿಟ್ಟು ಹೇಳಿದೆ. ಅತ್ತೆ ಹಿಟ್ಟಿನ ಪರಾತ ತಮ್ಮ ಕಡೆ ಎಳೆದುಕೊಂಡು, "ಹೆಣ್ಮಗಳು ಊರಿಗಿ ಬರ್ಲಿ. ಬಂದ ಮ್ಯಾಲ ಹೋಗಿ ಹೇಳು," ಎಂದರು.

ಮೂರನೆಯ ದಿನ ತಾಯಿ, ಕೂಸು ಇಬ್ಬರೂ ಬಂದರು. ಹೆಣ್ಣು ಕೂಸು. ಸುಸೂತ್ರ ಹೆರಿಗೆ. ಎದೆಯ ಮೇಲಿನ ಭಾರ ಅರ್ಧ ಇಳಿಯಿತು, ಇನ್ನರ್ಧಕ್ಕೆ ಆಯಿಯ ಮನೆಗೆ ಹೋಗಲೇಬೇಕಿತ್ತು. ಓಣಿಯ ಬಾಯಿಗೆ ಹೋಗಿ ಎರಡು ಸಲ ತಿರುಗಿ ಬಂದೆ.

ಮೂರನೆಯ ಸಲ ಹೋದಾಗ ಆಯಿ ಕಟ್ಟೆಯ ಮೇಲೆ ಕುಳಿತು ಕೂಸಿನ ಬಟ್ಟೆ ಮಡಚುತ್ತಿದ್ದಳು. ಅಂಗಳದಲ್ಲಿ ಒಂದೇ ಒಂದು ಕೋಳಿ ಉಳಿದಿತ್ತು. ನಾನು ನಿಂತೇ ಹೇಳಿದೆ: ಜಡ್ಡಿನ ಕೋಳಿಯನ್ನು ಸರಿಯಾಗಿ ನೋಡಲಿಲ್ಲ, ಹುಂಜಕ್ಕೆ ಬೇಡವೆಂದರೂ ಚುಚ್ಚಿದೆ, ಅದೇ ಸೂಜಿ ಹಿಡಿದು ಪಕ್ಕದ ಮನೆಗಳಿಗೂ ಹೋದೆ.

ಆಯಿ ಬಟ್ಟೆಯನ್ನು ಪಕ್ಕಕ್ಕೆ ಸರಿಸಿ, "ಕುಂದ್ರು," ಎಂದಳು. ದನಿ ತಗ್ಗಿಸಿ ಹೇಳಿದಳು: "ಆ ಕೋಳಿ ಕಾವಿಗಿ ಕುಂತಿದ್ದಿಲ್ಲ. ಎರಡು ದಿನದಿಂದ ಕಾಳು ಮುಟ್ಟಿದ್ದಿಲ್ಲ. ಜಡ್ಡು ಅಂದ್ರ ನೀ ನಮ್ಮ ಮನಿ ಬಿಟ್ಟು ಹೋಗ್ತಿದ್ದಿ. ಹುಂಜಕ್ಕ ಚುಚ್ಚಬ್ಯಾಡ ಅಂದೆ, ಚುಚ್ಚದಿದ್ರ ಸಾಯ್ತದಂತ್ಲೂ ಅಂಜಿಕಿ. ಅದಕ್ಕ ಸುಳ್ಳು ಹೇಳ್ದೆ."

ಒಳಗೆ ಕೂಸು ಅತ್ತಿತು.

"ದೇವಿಗಿ ಏನ್ ಮಾಡ್ತಿ ಆಯಿ?" ಎಂದೆ.

"ಮಗ ಬರ್ಲಿ. ಇನ್ನೊಂದು ಹುಂಜ ತರ್ತಾನ. ಆಕಿ ಕಾಯ್ತಾಳ," ಎಂದಳು. ನಾನು ಏಳುವಾಗ ಕೈ ಹಿಡಿದಳು. "ಇದು ನಿನ್ನ ನನ್ನ ನಡುವ ಇರ್ಲಿ. ಬಾಜೂ ಮನ್ಯಾಗ ಹೇಳಬ್ಯಾಡ. ಆಕಿ ಬಾಯಿ ಚಲೋ ಅಲ್ಲ."

ಆ ಮಾತಿನಂತೆ ಸುಮ್ಮನಿದ್ದುಬಿಡಬೇಕು ಎಂದು ನನಗೂ ಬಲವಾಗಿ ಅನ್ನಿಸಿತು. ಆದರೂ ಹಾಗೆಯೇ ಪಕ್ಕದ ಮನೆಗೆ ಹೋದೆ. ತಡಮಾಡಿದರೆ ಮತ್ತೆ ಧೈರ್ಯ ಬರುವುದಿಲ್ಲ ಎಂದು ಗೊತ್ತಿತ್ತು. ಅಲ್ಲಿ ಆರು ಕೋಳಿಗಳಲ್ಲಿ ನಾಲ್ಕು ಹೋಗಿದ್ದವು. ಆ ಮನೆಯಾಕೆ, ಕೋಳಿಗಳ ತಾಯಿ ಅಜ್ಜಿಯನ್ನೆಲ್ಲ ಹೇಳಿದ್ದವಳ ತಂಗಿ, ನನ್ನ ಮಾತು ಮುಗಿಯುವವರೆಗೂ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ನಿನ್ನ ನಂಬಿ ಕೈಯಾಗ ಕೊಟ್ಟಿದ್ದೆ," ಎಂದಳು. ಅಷ್ಟೇ. ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಬಾಗಿಲು ಹಾಕಿಕೊಂಡಳು.

ಓಣಿಯ ಉಳಿದ ಮನೆಗಳಲ್ಲೂ ಹೇಳಿದೆ. ಡಾಕ್ಟರಿಗೂ ನಿಜ ಹೇಳಿದೆ. ಅವರು ಬೈದರು, ಆಮೇಲೆ ಸೂಜಿಯ ಇನ್ನೊಂದು ಡಬ್ಬಿ ಕೊಟ್ಟರು. ಆ ಓಣಿಯ ಐದು ಮನೆಗಳಲ್ಲಿ ಮೂರಕ್ಕೆ ರೋಗ ಹೊಕ್ಕಿತು, ಬೇರೆ ಓಣಿಗಳು ಉಳಿದವು. ಸೂಜಿಯಿಂದ ಹೋಯಿತೋ, ಕೋಳಿಗಳು ಒಂದೇ ತಿಪ್ಪೆ ಕೆದರುವುದರಿಂದ ಹೋಯಿತೋ ಯಾರೂ ಹೇಳಲಾರರು ಎಂದರು ಡಾಕ್ಟರು. ನನಗೆ ಅದರಿಂದ ನೆಮ್ಮದಿ ಸಿಗಲಿಲ್ಲ.

ಕೆಲಸ ಬಿಟ್ಟಿಲ್ಲ. ಊರಿನವರು ಕರೆಯುತ್ತಾರೆ, ಆಯಿಯೂ ಕರೆಯುತ್ತಾಳೆ. ಪ್ರತಿ ಬುಟ್ಟಿಯ ಮುಂದೆ ಕುಳಿತು ಕೋಳಿಯ ಕಣ್ಣು, ಹಿಕ್ಕೆ, ಕೆಳಗಿನ ಮೊಟ್ಟೆ ಎಲ್ಲ ನೋಡುವವರೆಗೆ ಸೂಜಿ ಕೈಗೆ ತೆಗೆದುಕೊಳ್ಳುವುದಿಲ್ಲ. ಪಕ್ಕದ ಮನೆಯಾಕೆ ಮಾತ್ರ ನನ್ನನ್ನು ಒಳಗೆ ಬಿಟ್ಟುಕೊಂಡಿಲ್ಲ. ಹೋದ ತಿಂಗಳು ಸುರಪುರದ ಬಸ್ಸಿನಲ್ಲಿ ಸಿಕ್ಕಳು. ತೊಡೆಯ ಮೇಲೆ ಕೈಚೀಲ, ಅದರ ಬಾಯಿಂದ ಎರಡು ಕೋಳಿಗಳ ತಲೆ ಇಣುಕುತ್ತಿದ್ದವು. ದವಾಖಾನೆಯಲ್ಲೇ ಸೂಜಿ ಹಾಕಿಸಲು ಹೊರಟಿದ್ದಳು. ಸೀಟು ಖಾಲಿ ಇದ್ದದ್ದು ಆಕೆಯ ಪಕ್ಕದಲ್ಲಿ ಮಾತ್ರ. ಸುರಪುರ ಬರುವವರೆಗೂ ನಿಂತೇ ಹೋದೆ.